ಪಂಟರ್‌ಗೆ ಬೆಲೆ ಕಟ್ಟೋದು ಹೇಗೆ? ಅಮೆರಿಕದ ಕಾಲೇಜು ಫುಟ್‌ಬಾಲ್‌ನ ‘ಸ್ಪೆಷಲ್ ಟೀಮ್ಸ್’ ಲೆಕ್ಕಾಚಾರ

ಅಮೆರಿಕದ ಫುಟ್‌ಬಾಲ್‌ನಲ್ಲಿ ದಾಳಿಗೆ ಒಂದು ಪಡೆ, ತಡೆಗೆ ಇನ್ನೊಂದು. ಕಿಕ್‌ಆಫ್, ಪಂಟ್, ಫೀಲ್ಡ್ ಗೋಲ್ ಅಂತ ಚೆಂಡು ಒದೆಯುವ ಹೊತ್ತಿಗೆ ಇಳಿಯುವ ಮೂರನೆಯದೇ ಸ್ಪೆಷಲ್ ಟೀಮ್ಸ್. ಕ್ರಿಕೆಟ್‌ನ ಫೀಲ್ಡಿಂಗ್ ಥರ, ಕ್ಯಾಚ್ ಬಿಟ್ಟಾಗ ಮಾತ್ರ ಜನಕ್ಕೆ ನೆನಪಾಗುತ್ತೆ.

2013ರ ನವೆಂಬರ್ 30ರ ಅಲಬಾಮ-ಆಬರ್ನ್ ಪಂದ್ಯವನ್ನೇ ತಗೊಳ್ಳಿ. 28-28ರ ಸಮಬಲ, ಒಂದು ಸೆಕೆಂಡ್ ಬಾಕಿ. ಅಲಬಾಮದ 57 ಗಜದ ಒದೆತ ಗುರಿ ಮುಟ್ಟಲಿಲ್ಲ. ಆಬರ್ನ್‌ನ ಕ್ರಿಸ್ ಡೇವಿಸ್ ಚೆಂಡು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ ಪಂದ್ಯ ಗೆಲ್ಲಿಸಿದ. ಎಲ್ಲರೂ ಆ ಓಟವನ್ನೇ ಹೇಳ್ತಾರೆ. ಅದಕ್ಕೂ ಮೊದಲು ಅದೇ ಪಂದ್ಯದಲ್ಲಿ ಅಲಬಾಮ ಮೂರು ಫೀಲ್ಡ್ ಗೋಲ್ ಕಳೆದುಕೊಂಡಿತ್ತು, ಅಂದ್ರೆ ಒಂಬತ್ತು ಅಂಕ. ನನ್ನ ಪ್ರಕಾರ ಪಂದ್ಯ ಕೈತಪ್ಪಿದ್ದು ಅಲ್ಲಿ. ಅಂಥ ಓಟ ಅಪರೂಪ. ಅದನ್ನಿಟ್ಟುಕೊಂಡು ಮುಂದಿನ ವರ್ಷದ ತಂಡವನ್ನು ಅಳೆಯೋಕಾಗಲ್ಲ.

ಪಂಟ್‌ನಲ್ಲಿ ಮೋಸ ಮಾಡೋದು ಸರಾಸರಿ ದೂರ. ಮೈದಾನದ ಮಧ್ಯದಿಂದ ಒದ್ದ ಚೆಂಡು ಎಂಡ್ ಝೋನ್‌ಗೆ ಹೋದರೆ ಲೆಕ್ಕದಲ್ಲಿ 50 ಗಜ. ಆದರೆ ಎದುರಾಳಿಗೆ 20 ಗಜದ ಗೆರೆಯಲ್ಲಿ ಚೆಂಡು ಸಿಗುತ್ತೆ, ನಿವ್ವಳ ಲಾಭ 30. ಎತ್ತರಕ್ಕೆ 40 ಗಜ ಒದ್ದು ಎದುರಾಳಿಯನ್ನು 10ರ ಗೆರೆಯಲ್ಲೇ ಕಟ್ಟಿಹಾಕಿದವನಿಗೆ ಪೂರ್ತಿ 40. ಅದಕ್ಕೇ ನಿವ್ವಳ ದೂರ ನೋಡಬೇಕು. ಇನ್ನೂ ಒಳ್ಳೆಯದು, ಒದೆಯುವ ಮುಂಚೆ ಮತ್ತು ನಂತರ ಚೆಂಡಿರುವ ಜಾಗದಿಂದ ಸರಾಸರಿ ಎಷ್ಟು ಅಂಕ ನಿರೀಕ್ಷಿಸಬಹುದು ಅನ್ನೋ ವ್ಯತ್ಯಾಸ. ಬಿಲ್ ಕಾನಲಿ, ಬ್ರಯಾನ್ ಫ್ರೆಮೋ ಅವರ ರೇಟಿಂಗ್‌ಗಳಲ್ಲಿ ಸ್ಪೆಷಲ್ ಟೀಮ್ಸ್‌ಗೇ ಬೇರೆ ಅಂಕವಿದೆ.

ಫೀಲ್ಡ್ ಗೋಲ್‌ಗೂ ಇದೇ ಮಾತು: ಶೇಕಡಾವಾರು ಬಿಡಿ, ಯಾವ ದೂರದಿಂದ ಅಂತ ಕೇಳಿ. ಕಾಲೇಜಿನಲ್ಲಿ ಹ್ಯಾಶ್ ಗುರುತುಗಳ ನಡುವೆ 40 ಅಡಿ ಅಂತರ, ಎನ್‌ಎಫ್‌ಎಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಒದೆಯುವ ಕೋನವೂ ಓರೆ.

2023ರಲ್ಲಿ ಅಯೋವಾದ ಟೋರಿ ಟೇಲರ್ ಅನ್ನೋ ಆಸ್ಟ್ರೇಲಿಯಾದ ಹುಡುಗ 93 ಪಂಟ್‌ಗಳಲ್ಲಿ 4,479 ಗಜ ಒದ್ದು ದಾಖಲೆ ಮುರಿದ. 93 ಸಲ ಒದೆಯಬೇಕಾಯ್ತು ಅಂದ್ರೆ ತಂಡದ ದಾಳಿ ಅಷ್ಟು ಸಲ ಕೈಚೆಲ್ಲಿತ್ತು ಅಂತಲೂ ಅರ್ಥ! ಒಟ್ಟು ಗಜಕ್ಕಿಂತ ಪ್ರತಿ ಪಂಟ್‌ಗೆ 48 ಗಜ ಅನ್ನೋದೇ ಅವನ ನಿಜವಾದ ಸಾಧನೆ. ಅಂಥ ದಾಳಿ ಇಟ್ಟುಕೊಂಡೂ ಅಯೋವಾ ಆ ವರ್ಷ 10 ಪಂದ್ಯ ಗೆದ್ದಿತು.

ಈಗ ಈ ಅಂಕಿಗಳು ಅನ್ನದ ಪ್ರಶ್ನೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ‘ಹೌಸ್’ ಒಪ್ಪಂದದ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಸುಮಾರು 2 ಕೋಟಿ ಡಾಲರ್‌ವರೆಗೆ. ಅದರಲ್ಲಿ ಪಂಟರ್‌ಗೆಷ್ಟು, ಕ್ವಾರ್ಟರ್‌ಬ್ಯಾಕ್‌ಗೆಷ್ಟು? ಚೆಂಡನ್ನು ಹಿಂದಕ್ಕೆ ಕೊಡುವ ಲಾಂಗ್ ಸ್ನ್ಯಾಪರ್ ಹೆಸರಿನಲ್ಲಿ ಹೇಳಿಕೊಳ್ಳುವಂಥ ಅಂಕಿಯೇ ಇಲ್ಲ. F-1 ವೀಸಾದ ವಿದೇಶಿ ಪಂಟರ್‌ಗಳ ಪಾಡು ಬೇರೆ; ಆ ವೀಸಾದಲ್ಲಿ ದುಡಿಯೋಕೆ ಎಷ್ಟು ಕಟ್ಟುಪಾಡು ಅನ್ನೋದು ಅಲ್ಲಿ ಓದುವ ನಮ್ಮವರಿಗೂ ಗೊತ್ತು.

ಇದೇ ಒಪ್ಪಂದ ಫುಟ್‌ಬಾಲ್ ತಂಡಕ್ಕೆ 105 ಆಟಗಾರರ ಮಿತಿ ಹಾಕಿದೆ. ಮೊದಲು 85 ಸ್ಕಾಲರ್‌ಶಿಪ್‌ಗಳ ಮೇಲೆ, ಫೀಸು ತಾವೇ ಕಟ್ಟಿಕೊಂಡು ಆಡುವ ‘ವಾಕ್-ಆನ್’ ಹುಡುಗರನ್ನು ಬೇಕಾದಷ್ಟು ಸೇರಿಸಬಹುದಿತ್ತು. ಅವರಲ್ಲಿ ಅನೇಕರಿಗೆ ಮೈದಾನಕ್ಕಿಳಿಯೋ ಅವಕಾಶ ಸಿಗ್ತಿದ್ದದ್ದೇ ಕಿಕ್‌ಆಫ್, ಪಂಟ್‌ಗಳಲ್ಲಿ. ಆಗಲೇ ತಂಡದಲ್ಲಿದ್ದವರಿಗೆ ಕಾಲೇಜು ಮನಸ್ಸು ಮಾಡಿದರೆ ವಿನಾಯಿತಿ ಇದೆ. ಹೊಸದಾಗಿ ಬರೋರಿಗೆ ಇಲ್ಲ.