ಕೂಡುರಸ್ತೆಯ ಅಪಘಾತಕ್ಕೆ ಹೊಣೆ ಯಾರು?

ಮೂರು ದಾರಿ ಕೂಡುವಲ್ಲಿ ದೃಷ್ಟಿ ನಿವಾಳಿಸಿದ ನಿಂಬೆಹಣ್ಣು ಇಟ್ಟು ಬರುವ ರೂಢಿ ನಮ್ಮಲ್ಲಿ ಹಳೆಯದು. ಅಂಥ ಜಾಗ ಅಪಾಯದ್ದು ಎಂಬ ಭಾವನೆ ಮೋಟಾರು ಬರುವ ಮೊದಲೇ ಇತ್ತು. ಮೋಟಾರು ಬಂದ ಮೇಲೆ ಆ ಅಪಾಯವನ್ನು ಎಣಿಸುವುದೂ ಸಾಧ್ಯವಾಯಿತು.

ನಾಲ್ಕು ರಸ್ತೆಗಳು ಕೂಡುವಲ್ಲಿ ವಾಹನಗಳ ಹಾದಿಗಳು ಒಂದಕ್ಕೊಂದು ಎದುರಾಗುವ ಬಿಂದುಗಳು 32. ಅವುಗಳಲ್ಲಿ 16 ಕಡೆ ಒಂದು ವಾಹನ ಇನ್ನೊಂದಕ್ಕೆ ಅಡ್ಡ ಹಾಯುತ್ತದೆ. ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಇವೇ. ನಡುವೆ ಸರ್ಕಲ್ ಕಟ್ಟಿ, ಎಲ್ಲರೂ ಒಂದೇ ದಿಕ್ಕಿಗೆ ಸುತ್ತುವಂತೆ ಮಾಡಿದರೆ ಉಳಿಯುವುದು 8 ಬಿಂದುಗಳು ಮಾತ್ರ.

ಈ ಪದ್ಧತಿ ನ್ಯೂಯಾರ್ಕ್‌ನ ಕೊಲಂಬಸ್ ಸರ್ಕಲ್‌ನಲ್ಲಿ 1905ರಲ್ಲೂ ಪ್ಯಾರಿಸ್‌ನಲ್ಲಿ 1907ರಲ್ಲೂ ಜಾರಿಗೆ ಬಂತು. ಆದರೆ ಮೊದಲು ಯಾರು ಹೋಗಬೇಕೆಂಬ ಗೊಂದಲ ಉಳಿದೇ ಇತ್ತು. ಸರ್ಕಲ್ ಒಳಗಿರುವ ವಾಹನಕ್ಕೇ ಮೊದಲ ದಾರಿ ಎಂದು 1966ರಲ್ಲಿ ಬ್ರಿಟನ್ ನಿಯಮ ಮಾಡಿತು. ಭಾರತದ 2017ರ ಚಾಲನಾ ನಿಯಮಾವಳಿಯೂ ಇದನ್ನೇ ಹೇಳುತ್ತದೆ.

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಹತ್ತರಗಿ ಮಾರ್ಗವಾಗಿ ಸಾಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೇರೆಯದೇ ದಾರಿ ಹಿಡಿಯಲಾಯಿತು. 1999ರಲ್ಲಿ ಆರಂಭವಾದ ಸುವರ್ಣ ಚತುಷ್ಪಥ ಯೋಜನೆಯಲ್ಲಿ ರಸ್ತೆ ಅಗಲವಾದಾಗ ಹಲವೆಡೆ ಹೆದ್ದಾರಿಯನ್ನು ಎತ್ತರಿಸಿ, ಊರಿನವರು ಕೆಳಗಿನಿಂದ ದಾಟುವಂತೆ ಮಾಡಲಾಯಿತು.

ಗೋಕಾಕ–ಬೆಳಗಾವಿ ರಸ್ತೆಯ ಅಂಕಲಗಿಯಂಥ ಊರುಗಳ ಪ್ರತಿ ಕ್ರಾಸಿಗೂ ಸೇತುವೆ ಕಟ್ಟಲಾಗದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ರಸ್ತೆ ದಾಟಲು ಹೊತ್ತು ಬೇಕು. ಮೂಲೆಯಲ್ಲಿ ಗಿಡಗಂಟಿ, ಫಲಕಗಳಿದ್ದರೆ ವೇಗವಾಗಿ ಬರುವವನಿಗೆ ಅದು ಕಾಣುವುದೇ ತಡವಾಗಿ. ಇಂಥಲ್ಲಿ ಅಗ್ಗದ ಉಪಾಯಗಳಿವೆ: ಮೂಲೆಯನ್ನು ತೆರವುಗೊಳಿಸುವುದು, ಓರೆಯಾಗಿ ಬಂದು ಸೇರುವ ರಸ್ತೆಯನ್ನು ನೇರ ಕೋನಕ್ಕೆ ತಿರುಗಿಸುವುದು, ಅಡ್ಡರಸ್ತೆಗೆ ಉಬ್ಬು ಹಾಕುವುದು, ಬಸ್ ನಿಲ್ದಾಣವನ್ನು ತಿರುವಿನಿಂದ ದೂರ ಸರಿಸುವುದು, ದೀಪ ಹಾಕುವುದು.

ಬಹುಕಾಲ ಅಪಘಾತವೆಂದರೆ ಚಾಲಕನ ಅಜಾಗರೂಕತೆ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು. ಆದರೆ ಚಾಲಕರು ಬದಲಾದರೂ ಅದೇ ಜಾಗದಲ್ಲಿ ಅಪಘಾತ ಮರುಕಳಿಸಿದರೆ? ಹೆದ್ದಾರಿಯ 500 ಮೀಟರ್ ಅಂತರದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೇ 10 ಮಂದಿ ಸತ್ತರೆ ಕೇಂದ್ರ ಸರ್ಕಾರ ಅದನ್ನು ‘ಕಪ್ಪುಚುಕ್ಕೆ’ ಎಂದು ಗುರುತಿಸುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮು ಇನ್ನೂ ಮುಂದೆ ಹೋಗಿದೆ. ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಮಾನದಂಡ ಮೀರಿದ್ದರಿಂದ ಸಾವು, ಅಂಗವೈಕಲ್ಯ ಉಂಟಾದರೆ ಸಂಬಂಧಪಟ್ಟ ಅಧಿಕಾರಿ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಸತ್ತವರ ಮನೆಯವರಿಗೆ ಈ ಮೊತ್ತ ದೊಡ್ಡದಲ್ಲ. ಆದರೂ ರಸ್ತೆಯನ್ನು ಹೀಗೇಕೆ ಕಟ್ಟಿದಿರಿ ಎಂದು ಕೇಳುವ ಹಕ್ಕು ಅವರಿಗೆ ದಕ್ಕಿದೆ.