ಓಲೆಯ ಹಿಂಬದಿ: ಹಳೆಯ ಬೆಂಗಳೂರಿನ ಒಡವೆಗಳಲ್ಲಿ ಹರಳು ಮತ್ತು ಬೆಳಕು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಒಡವೆಪೆಟ್ಟಿಗೆಯಲ್ಲಿ ಎರಡು ಬಗೆಯ ಕಲ್ಲಿನ ಕೆಲಸ ಅಕ್ಕಪಕ್ಕದಲ್ಲೇ ಇರುವುದುಂಟು. ಒಂದು ಕೆಂಪಿನ ಅಡ್ಡಿಕೆ: ಗುಂಡಗೆ ಉಜ್ಜಿದ ಹರಳು, ಅದರ ಬೆನ್ನಿಗೆ ತೆಳುವಾದ ತಗಡು, ಹಿಂದಿನಿಂದ ಚಿನ್ನ ಮುಚ್ಚಿದ ಕಟ್ಟು. ಇನ್ನೊಂದು ಏಳು ಕಲ್ಲಿನ ವಜ್ರದೋಲೆ: ನಡುವೆ ಒಂದು, ಸುತ್ತ ಆರು, ಪ್ರತಿ ಕಲ್ಲಿಗೂ ಕಡಿದ ಮುಖಗಳು, ಹಿಂಬದಿ ತೆರೆದ ಕಟ್ಟು. ಒಡವೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಂಭಾಗದ ಕುಸುರಿಯನ್ನೇ ವರ್ಣಿಸುತ್ತಾರೆ. ಆದರೆ ಹರಳಿಗೆ ಯಾವ ಕೋನದಲ್ಲಿ ಸಾಣೆ ಹಿಡಿಯಬೇಕೆಂಬುದು ಅದರ ಹಿಂಬದಿ ಮುಚ್ಚಿದೆಯೋ ತೆರೆದಿದೆಯೋ ಎಂಬುದರ ಮೇಲೆ ನಿಂತಿದೆ.

ವಜ್ರದ ವಕ್ರೀಭವನ ಸೂಚ್ಯಂಕ 2.417. ಒಳಹೊಕ್ಕ ಬೆಳಕು ಕೆಳಮುಖಕ್ಕೆ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ತಾಗಿದರೆ ಹೊರಹೋಗದೆ ಪೂರ್ತಿ ಪ್ರತಿಫಲಿಸುತ್ತದೆ. ಮಾಣಿಕ್ಯದ ಸೂಚ್ಯಂಕ ಸುಮಾರು 1.76, ಅದಕ್ಕೆ ಈ ಮಿತಿ 34.6 ಡಿಗ್ರಿ. ತಳ ಚಪ್ಪಟೆಯಾಗಿರುವ ಮಾಣಿಕ್ಯದಲ್ಲಿ ಬೆಳಕು ಹಿಂದಕ್ಕೆ ಸೋರುತ್ತದೆ, ನಡುವೆ ಕಿಟಕಿ ತೆರೆದಂತೆ ಕಲ್ಲು ಪೇಲವವಾಗುತ್ತದೆ. ತಗಡು ಆ ಸೋರಿದ ಬೆಳಕನ್ನು ಹಿಂದಿರುಗಿಸುತ್ತದೆ. ಹಿಂಬದಿ ತೆರೆದ ಕಟ್ಟಿನಲ್ಲಿ ಆ ಆಸರೆಯಿಲ್ಲ. ಕೋನವೇ ಎಲ್ಲವನ್ನೂ ಮಾಡಬೇಕು. 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ಲೆಕ್ಕ ಹಾಕಿ ವಜ್ರದ ತಳಕ್ಕೆ 40.75, ಮೇಲ್ಭಾಗಕ್ಕೆ 34.5 ಡಿಗ್ರಿ ಎಂದದ್ದು ಇಂಥ ತೆರೆದ ಕಲ್ಲಿಗಾಗಿ.

ಮುಖಗಳು ಹೆಚ್ಚಿದಷ್ಟೂ ಕಲ್ಲು ಉತ್ತಮ ಎಂಬ ಇಂದಿನ ನಂಬಿಕೆ ದಖ್ಖನ್ನಿನ ಹಳೆಯ ಕುಶಲಕರ್ಮಿಗಳದ್ದಲ್ಲ. 17ನೇ ಶತಮಾನದಲ್ಲಿ ಇಲ್ಲಿನ ಗಣಿಗಳನ್ನು ಕಂಡ ತಾವರ್ನಿಯೆ ಬರೆದಿರುವಂತೆ, ಶುದ್ಧವಾದ ಕಲ್ಲನ್ನು ತೂಕ ಕಳೆದೀತೆಂದು ಅವರು ಚಕ್ರಕ್ಕೆ ಮುಟ್ಟಿಸಿ ಬಿಡುತ್ತಿದ್ದರು; ದೋಷವಿದ್ದ ಕಲ್ಲಿಗೆ ಮಾತ್ರ ಅದು ಕಾಣದಂತೆ ಮೈತುಂಬ ಮುಖಗಳನ್ನು ಕಡಿಯುತ್ತಿದ್ದರು. ಹಳೆಯ ಕಲ್ಲುಗಳನ್ನು ಇಂದಿನ ಅಳತೆಗೋಲಿನಿಂದ ಕೀಳೆನ್ನುವ ಮೊದಲು ಇದನ್ನು ನೆನೆಯಬೇಕು.

ಹಿಂಬದಿಯ ಮಹತ್ವ ಅಭ್ಯಂಜನದ ದಿನ ಎಲ್ಲರ ಮನೆಯಲ್ಲೂ ಗೊತ್ತಾಗುತ್ತದೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಕಲ್ಲಿನ ಬೆನ್ನಿಗೆ ಎಣ್ಣೆ ಕುಳಿತರೆ ಮೇಲೆ ಹೇಳಿದ 24.4ರ ಮಿತಿ 37 ಡಿಗ್ರಿ ದಾಟುತ್ತದೆ. ನೇರ ಬಿದ್ದ ಬೆಳಕು ಇನ್ನೂ ಹಿಂತಿರುಗೀತು, ಓರೆಯ ಬೆಳಕು ಸೋರಿಹೋಗುತ್ತದೆ, ಓಲೆ ಮಂಕಾಗುತ್ತದೆ. ಅಂಟುವಾಳದ ನೊರೆಯಲ್ಲಿ ನೆನೆಸಿ, ಓಲೆಯನ್ನು ಮಗುಚಿ, ಹಿಂದಿನಿಂದ ಮೆತ್ತಗೆ ಉಜ್ಜುವ ಅಜ್ಜಿಯಂದಿರ ಪದ್ಧತಿ ಭೌತಶಾಸ್ತ್ರಕ್ಕೆ ಒಪ್ಪುವಂಥದ್ದೇ. ಮುಚ್ಚಿದ ಕಟ್ಟಿಗೆ ಮಾತ್ರ ಇದು ಸಲ್ಲದು. ನೀರು ಒಳಸೇರಿದರೆ ತಗಡು ಕಪ್ಪಾಗುತ್ತದೆ.

ಕಡಿತದಿಂದ ಬಾರದ ಇನ್ನೊಂದು ಗುಣವೂ ಇದೆ. ಹಿರಿಯರು ಮೆಚ್ಚಿ ಕೊಳ್ಳುತ್ತಿದ್ದ ‘ಬ್ಲೂ ಜಾಗರ್’ ಕಲ್ಲುಗಳಿಗೆ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ. ವಜ್ರಗಳು ಬಿಸಿಲಿನಲ್ಲಿ ತೋರುವ ನೀಲಿ ಛಾಯೆಗೆ ಪ್ರತಿದೀಪ್ತಿ, ಅಂದರೆ ಹೀರಿದ ಬೆಳಕನ್ನು ಬೇರೆ ಬಣ್ಣದಲ್ಲಿ ಹೊರಸೂಸುವ ಗುಣ, ಒಂದು ಮುಖ್ಯ ಕಾರಣ. ಈ ವಿಷಯದ ಮೂಲಭೂತ ಕೆಲಸ ನಡೆದದ್ದು ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಅಣ್ಣಾ ಮಣಿ ಮಾಣಿಕ್ಯ ಮತ್ತು ವಜ್ರ ಎರಡರ ಪ್ರತಿದೀಪ್ತಿಯನ್ನೂ ಅಧ್ಯಯನ ಮಾಡಿದರು. ಮೂವತ್ತಕ್ಕೂ ಹೆಚ್ಚು ವಜ್ರಗಳು. ಫೋಟೋ ಫಲಕದಲ್ಲಿ ರೋಹಿತ ಮೂಡಲು ಒಂದೊಂದಕ್ಕೆ 15–20 ಗಂಟೆಗಳ ಕಾಯುವಿಕೆ. ನೀಲಿ ಹೊಳೆಯುವ ಕಲ್ಲುಗಳಲ್ಲಿ 4152 ಆಂಗ್‌ಸ್ಟ್ರಮ್‌ನ ರೇಖೆ ಎದ್ದು ಕಾಣುತ್ತದೆ. ಸ್ಫಟಿಕದೊಳಗಿನ ನೈಟ್ರೋಜನ್ ಅದರ ಮೂಲವೆಂದು ಈಗ ತಿಳಿದಿದೆ. 1942ರಿಂದ 1945ರ ನಡುವೆ ಅವರೊಬ್ಬರೇ ಐದು ಪ್ರಬಂಧಗಳನ್ನು ಪ್ರಕಟಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಈಗ ಹಳೆಯ ಓಲೆಗಳನ್ನು ಒಡೆಸಿ, ಕಲ್ಲುಗಳನ್ನು ಹೊಸ ಕೋನಕ್ಕೆ ಮರುಕಡಿತ ಮಾಡಿಸುವ ಸಲಹೆ ಸುಲಭವಾಗಿ ಸಿಗುತ್ತದೆ. ಹೊಳಪು ಹೆಚ್ಚೀತು, ಆದರೆ ತೂಕವೂ ಹಳೆಯ ಸಾಣೆಯ ಗುರುತೂ ಒಟ್ಟಿಗೆ ಹೋಗುತ್ತವೆ. ಮನೆಯಲ್ಲಿ ಅಂಥ ಒಡವೆ ಇರುವವರು ಅದನ್ನು ಅಂಗಡಿಗೆ ಒಯ್ಯುವ ಮೊದಲು ಮುಂದಿನ ಹಾಗೂ ಹಿಂದಿನ ಚಿತ್ರ ತೆಗೆದು, ಕಲ್ಲಿನ ಅಗಲ, ಆಳ, ಕಟ್ಟು ಮುಚ್ಚಿದ್ದೋ ತೆರೆದದ್ದೋ ಎಂಬುದನ್ನು ಬರೆದಿಡಬೇಕೆಂದು ವಿನಂತಿ.