ಕಿಡಿ ಹುಡುಕುವ ವಿದ್ಯೆ: ಯೆಜ್ಡಿಯಿಂದ ಜೆಟ್ ಸ್ಕೀವರೆಗೆ

ಹೋದ ವರ್ಷ ಕರಾವಳಿಯ ಒಂದು ಬೀಚಿನಲ್ಲಿ ಹುಡುಗನೊಬ್ಬ ಹಳೆಯ ಜೆಟ್ ಸ್ಕೀಯ ಸೀಟು ಕಳಚಿ ಮರಳಿನ ಮೇಲಿಟ್ಟು ಕೂತಿದ್ದ. ಒಳಗೆ ಕಟ್ಟಿಕೊಂಡ ಪೆಟ್ರೋಲ್ ವಾಸನೆ ಹೋಗಲಿ ಎಂದು ಸ್ವಲ್ಪ ಹೊತ್ತು ಕಾದ. ಆಮೇಲೆ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಸ್ಟಾರ್ಟರ್ ಒತ್ತಿದ. ಕಿಡಿ ಬರಲಿಲ್ಲ. ನಾನು ಸಮುದ್ರ ನೋಡಲು ಹೋದವನು ಅಲ್ಲೇ ನಿಂತುಬಿಟ್ಟೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ಅಪ್ಪನ ಯೆಜ್ಡಿ ಮುಂದೆ ಕುಕ್ಕರುಗಾಲಲ್ಲಿ ಕೂತು ಗ್ಯಾರೇಜಿನ ಚಾಚಾ ಮಾಡುತ್ತಿದ್ದುದೂ ಇದನ್ನೇ. ಅಲ್ಲಿ ಸ್ಟಾರ್ಟರ್ ಗುಂಡಿ ಇರಲಿಲ್ಲ. ಕಿಕ್ ಹೊಡೆಯುವ ಕೆಲಸ ನನ್ನದು.

ಆ ಹುಡುಗನಿಗೂ ಚಾಚಾನಿಗೂ ನಂಟು ಇರುವುದು ಟೂ-ಸ್ಟ್ರೋಕ್ ಎಂಜಿನ್ನಿನ ಮೂಲಕ. ಕೆನಡಾದ ಬೊಂಬಾರ್ಡಿಯರ್ ಕಂಪನಿ 1968ರಲ್ಲಿ ಸೀ-ಡೂ ಎಂಬ ನೀರಿನ ಸ್ಕೂಟರ್ ತಂದಿತು. 1970ರ ದಶಕದ ಆರಂಭದಲ್ಲಿ ಕವಾಸಕಿಯ ಜೆಟ್ ಸ್ಕೀ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1973ರಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತನ್ನ ಬೈಕಿನ ಹೆಸರನ್ನು ಜಾವಾದಿಂದ ಯೆಜ್ಡಿಗೆ ಬದಲಿಸಿತು. ಜೆಕೊಸ್ಲೊವಾಕಿಯಾದ ಜಾವಾ ಬೈಕು ಮೈಸೂರಿನಲ್ಲಿ ತಯಾರಾಗತೊಡಗಿದ್ದು 1961ರಲ್ಲಿ, ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅದರ ಮರುವರ್ಷ ದಾವಣಗೆರೆ ಜಿಲ್ಲೆಯಾಯಿತು. ಹಾಗಾಗಿ ನಮ್ಮ ಜಿಲ್ಲೆ ಹುಟ್ಟುವಾಗಲೇ ಯೆಜ್ಡಿ 'ಹಳೇ ಗಾಡಿ' ಆಗಿತ್ತು.

ಆ ಬೈಕಿನ ಎಂಜಿನ್ನನ್ನು ಎಲ್ಲರೂ ಹೊಗಳುತ್ತಾರೆ. ವೈರಿಂಗನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಕಾರಣ ಆರು ವೋಲ್ಟ್. 36 ವಾಟಿನ ಬಲ್ಬ್ ಉರಿಯಲು 12 ವೋಲ್ಟಿನಲ್ಲಿ 3 ಆಂಪಿಯರ್ ಕರೆಂಟ್ ಸಾಕು, 6 ವೋಲ್ಟಿನಲ್ಲಿ 6 ಆಂಪಿಯರ್ ಬೇಕು. ಈಗ ಯಾವುದೋ ಒಂದು ಟರ್ಮಿನಲ್ಲಿಗೆ ತುಕ್ಕು ಹಿಡಿದು ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟು ತಡೆ ಬಂತು ಅಂದುಕೊಳ್ಳಿ. 12 ವೋಲ್ಟಿನ ಗಾಡಿ ಅಲ್ಲಿ 0.3 ವೋಲ್ಟ್ ಕಳೆದುಕೊಳ್ಳುತ್ತದೆ, ಅದು ನಲವತ್ತರಲ್ಲಿ ಒಂದು ಪಾಲು. 6 ವೋಲ್ಟಿನ ಗಾಡಿಗೆ 0.6 ವೋಲ್ಟ್ ನಷ್ಟ, ಹತ್ತರಲ್ಲಿ ಒಂದು ಪಾಲು! ಅದೇ ತುಕ್ಕು, ನಾಲ್ಕು ಪಟ್ಟು ತೊಂದರೆ. ಹೆಡ್‌ಲೈಟ್ ಚಿಮಣಿ ದೀಪದ ಹಾಗೆ ಮಿಣಮಿಣ ಅನ್ನುತ್ತಿದ್ದುದು ಸುಮ್ಮನೆ ಅಲ್ಲ.

ಈ ಲೆಕ್ಕ ಚಾಚಾನ ಬಾಯಲ್ಲಿ ಯಾವತ್ತೂ ಬಂದಿಲ್ಲ, ಕೈಯಲ್ಲಿ ಮಾತ್ರ ಇತ್ತು. "ತಮ್ಮಾ, ಸಾಮಾನು ಬದಲಿಸಾಕೆ ಗಡಿಬಿಡಿ ಮಾಡಬ್ಯಾಡ. ಮೊದಲು ಅರ್ತ್ ನೋಡು" ಅನ್ನುತ್ತಿದ್ದರು. ಬ್ಯಾಟರಿಯಿಂದ ಚಾಸಿಗೆ ಹೋಗುವ ವೈರ್ ಬಿಚ್ಚಿ, ಪೇಂಟ್ ಕೆರೆದು, ಎಮೆರಿ ಕಾಗದದಲ್ಲಿ ತಿಕ್ಕಿ ಬಿಗಿ ಮಾಡುತ್ತಿದ್ದರು. ಅರ್ಧ ಗಾಡಿಗಳು ಅಲ್ಲಿಗೇ ರಿಪೇರಿ. ಉಳಿದದ್ದಕ್ಕೆ ಎರಡು ತುಂಡು ವೈರಿಗೆ ಕಟ್ಟಿದ ಒಂದು ಬಲ್ಬ್. ಬ್ಯಾಟರಿಯಲ್ಲಿ ಕರೆಂಟ್ ಇದೆಯೋ, ಬೀಗದ ಕೈ ತಿರುಗಿಸಿದರೆ ಮುಂದೆ ಬರುತ್ತದೋ, ಕಾಯಿಲ್‌ವರೆಗೆ ತಲುಪಿತೋ, ಪಾಯಿಂಟಿಗೆ ಬಂತೋ ಎಂದು ಅದು ದಾರಿಯುದ್ದಕ್ಕೂ ವಿಚಾರಿಸುತ್ತಾ ಹೋಗುತ್ತಿತ್ತು. ಉತ್ತರ ಬರದೇ ಹೋದ ಕಡೆ ತಪ್ಪು ಸಿಗುತ್ತಿತ್ತು. ಪಾಯಿಂಟ್ ಸುಟ್ಟು ಕಪ್ಪಾಗಿದ್ದರೆ ಕಂಡೆನ್ಸರ್ ಮೇಲೆ ಅನುಮಾನ. ಎಂಜಿನ್ ರೇಸ್ ಮಾಡಿದರೂ ಕೆಂಪು ದೀಪ ಆರದಿದ್ದರೆ ಡೈನಮೊ ಚಾರ್ಜ್ ಮಾಡುತ್ತಿಲ್ಲ ಎಂದರ್ಥ, ಕಾರ್ಬನ್ ಬ್ರಷ್ ಸವೆದಿರಬೇಕು ಇಲ್ಲವೇ ಕಮ್ಯುಟೇಟರ್ ಹಾಳಾಗಿರಬೇಕು.

ಕಮ್ಯುಟೇಟರ್ ಹಾಳಾದರೆ ಆರ್ಮೇಚರ್ ಲೇತಿಗೆ ಹೋಗುತ್ತಿತ್ತು. ನಮ್ಮಲ್ಲಿ ಲೇತಿಗೆ ಬರ ಇರಲಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿದ್ದುದೇ ಪಕ್ಕದ ಹರಿಹರದಲ್ಲಿ. ತಾಮ್ರವನ್ನು ಕೂದಲೆಳೆಯಷ್ಟು ಹೆರೆದು, ಪಟ್ಟಿಗಳ ನಡುವಿನ ಮೈಕಾವನ್ನು ಗರಗಸದ ಬ್ಲೇಡಿನ ತುಂಡಿನಿಂದ ಕೆರೆದು ತಗ್ಗಿಸಿದರೆ ಡೈನಮೊಗೆ ಮತ್ತೆ ಜೀವ. ಹೊಸದು ಕೊಳ್ಳುವ ಮಾತೇ ಇಲ್ಲ, ಸಿಗುತ್ತಲೂ ಇರಲಿಲ್ಲ.

ಯಮಹಾ ಆರ್‌ಎಕ್ಸ್ 100 ಬಂದ ಮೇಲೆ ಆಟ ಬದಲಾಯಿತು. 1985ರ ಆ ಬೈಕಿನಲ್ಲಿ ಪಾಯಿಂಟ್ ಇಲ್ಲ, ಸಿಡಿಐ ಎಂಬ ಡಬ್ಬಿ ಇದೆ. ಮ್ಯಾಗ್ನೆಟೊದ ಸುರುಳಿ ಕೊಟ್ಟ ಕರೆಂಟನ್ನು ಒಂದು ಕಂಡೆನ್ಸರಿನಲ್ಲಿ ತುಂಬಿಟ್ಟು, ಸರಿಯಾದ ಕ್ಷಣಕ್ಕೆ ಒಮ್ಮೆಲೇ ಕಾಯಿಲಿಗೆ ಸುರಿಯುತ್ತದೆ. ಬ್ಯಾಟರಿ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ. ಒಳ್ಳೆಯದೇ. ಆದರೆ ಆ ಡಬ್ಬಿಯನ್ನು ರಾಳ ಹೊಯ್ದು ಮುಚ್ಚಿರುತ್ತಾರೆ, ಒಳಗೆ ಇಣುಕಲು ಸಾಧ್ಯವಿಲ್ಲ. 'ಎಲ್ಲಿ ಕೆಟ್ಟಿದೆ' ಎಂದು ಕೇಳುವ ಬದಲು 'ಡಬ್ಬಿ ಹೋಗಿರಬೇಕು' ಅನ್ನುವ ಚಾಳಿ ಮೆಕ್ಯಾನಿಕ್‌ಗಳಿಗೆ ಹತ್ತಿದ್ದು ಆಗ. ಡಬ್ಬಿ ಬದಲಿಸಿದ ಮೇಲೂ ಗಾಡಿ ಎದ್ದೇಳದೆ ಗಿರಾಕಿ ಜೇಬು ಮುಟ್ಟಿಕೊಂಡದ್ದನ್ನು ನಾನೇ ನೋಡಿದ್ದೇನೆ. ಚಾಚಾ ಮಾತ್ರ ಮೊದಲು ಕಿಲ್ ಸ್ವಿಚ್ಚಿನ ವೈರ್ ಕಳಚುತ್ತಿದ್ದರು. ಎಂಜಿನ್ ನಿಲ್ಲಿಸಲು ಕಿಡಿಯನ್ನು ಅರ್ತ್‌ಗೆ ಹರಿಸುವುದು ಆ ವೈರಿನ ಕೆಲಸ. ಎಲ್ಲೋ ಸಿಪ್ಪೆ ಸುಲಿದು ಚಾಸಿಗೆ ತಾಗಿದರೆ ಗಾಡಿ ಸದಾ 'ಆಫ್'.

ಹಳೆಯ ಜೆಟ್ ಸ್ಕೀಯೊಳಗೂ ಮ್ಯಾಗ್ನೆಟೊ, ಸಿಡಿಐ ಇವೇ ಇರುತ್ತವೆ. ಹೆಚ್ಚಿಗೆ ಇರುವುದು ಉಪ್ಪುನೀರು. ಅದು ಸ್ಟಾರ್ಟರ್ ರಿಲೇಯ ನಟ್ಟು, ಅರ್ತ್ ವೈರಿನ ತುದಿ, ಕನೆಕ್ಟರಿನ ಪಿನ್ನು ಎಲ್ಲವನ್ನೂ ಹಸಿರು ಪುಡಿ ಮಾಡಿಡುತ್ತದೆ. ಸವಾರ ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲಲಿ ಎಂದು ಅವನ ಕೈಗೆ ಕಟ್ಟುವ ದಾರ ಒಂದಿರುತ್ತದಲ್ಲ, ಅದರ ಸ್ವಿಚ್ಚೂ ಚಾಚಾ ಕಳಚುತ್ತಿದ್ದ ಕಿಲ್ ಸ್ವಿಚ್ಚಿನ ಜಾತಿಯದೇ.

ತಡೆಯಲಾಗದೆ ಹುಡುಗನಿಗೆ ಕೇಳಿದೆ, "ಆ ದಾರದ ಸ್ವಿಚ್ಚಿನ ವೈರ್ ಒಂದ್ಸಲ ಬಿಡಿಸಿ ನೋಡ್ತೀಯಾ?" ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಕನೆಕ್ಟರ್ ಎಳೆದು, ಮತ್ತೆ ಸ್ಟಾರ್ಟರ್ ಒತ್ತಿದ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಚಟ ಅಂದಿತು. ಆ ಸ್ವಿಚ್ ಬದಲಿಸದೆ ಸಮುದ್ರಕ್ಕೆ ಇಳಿಸಬೇಡ, ಜನ ಬಿದ್ದರೆ ಗಾಡಿ ನಿಲ್ಲುವುದಿಲ್ಲ ಎಂದೆ. ಆಯ್ತು ಎಂದು ತಲೆಯಾಡಿಸಿ, ಹಿಂದಿನ ದಿನವೇ ಹೊಸ ಸಿಡಿಐಗೆ ದುಡ್ಡು ಕಟ್ಟಿದ್ದ ಯಜಮಾನನಿಗೆ ಫೋನ್ ಹಚ್ಚಿದ.